ಕಾರವಾರ, ಶಿರಸಿ ಕಡೆ ಮೌಂಟನ್ ಬೈಕ್: ಯಾವ ದಾರಿ ತುಳಿಯಬಹುದು?

ಹುಬ್ಬಳ್ಳಿ ಪೆಡಲ್

ನಮಸ್ಕಾರ ರೀ. ಡಿಸೆಂಬರ್ ಕೊನೆಗೆ ನಾವು ಮೂರು ಮಂದಿ ಸೈಕಲ್ ಕಟ್ಟಿಕೊಂಡು ಕಾರವಾರಕ್ಕೆ ಬರುತ್ತಿದ್ದೇವೆ. ಎರಡು ದಿನ ಕಡಲ ಕಡೆ, ಎರಡು ದಿನ ಶಿರಸಿ ಕಡೆ ಅಂತ ಲೆಕ್ಕ. ಇಬ್ಬರದು ಹಾರ್ಡ್‌ಟೇಲ್, ಅಂದರೆ ಮುಂದೆ ಮಾತ್ರ ಸಸ್ಪೆನ್ಷನ್, ಫೋರ್ಕ್ 100 ಮಿ.ಮೀ. ಇನ್ನೊಬ್ಬನದು ಫುಲ್ ಸಸ್ಪೆನ್ಷನ್. ಡಾಂಬರು ಸಾಕಾಗಿದೆ. ಮಣ್ಣು, ಕಲ್ಲು, ಬೇರು ಬೇಕು.

ಆ್ಯಪ್‌ನಲ್ಲಿ ಹುಡುಕಿದರೆ ಹತ್ತಾರು ಗೆರೆಗಳು ಸಿಗುತ್ತವೆ. ಯಾವುದು ದಾರಿ, ಯಾವುದು ಯಾರದೋ ತೋಟ, ಯಾವುದು ರಕ್ಷಿತ ಕಾಡು ಅಂತ ತಿಳಿಯುವುದಿಲ್ಲ. ಅಲ್ಲಿಯವರು ಹೇಳಿ. ದಾರಿಯ ಗೆರೆ ಇರುವ ಜಿಪಿಎಕ್ಸ್ ಫೈಲ್ ಇದ್ದರೆ ಇಲ್ಲೇ ಹಾಕಿಬಿಡಿ.

ಕಾಳಿ ದಂಡೆ

ಸುಲಭಕ್ಕೆ ಹಸಿರು, ಆಮೇಲೆ ನೀಲಿ, ಕಷ್ಟಕ್ಕೆ ಕಪ್ಪು ಅಂತ ಬೋರ್ಡು ಹಾಕಿದ ಟ್ರೇಲ್ ಇಲ್ಲಿ ಹುಡುಕಬೇಡಿ. ಇರುವುದೆಲ್ಲ ಊರಿನವರು ದಿನಾ ಓಡಾಡುವ ದಾರಿ.

ಕಾರವಾರದಲ್ಲಿ ಗುಡ್ಡ ನೇರ ಕಡಲಿಗೇ ಬಂದು ನಿಲ್ಲುತ್ತದೆ. ಊರು, ಹೈವೇ ಎಲ್ಲ ನಡುವಿನ ಸಣ್ಣ ಪಟ್ಟಿಯಲ್ಲಿ. ಹಾಗಾಗಿ ಏರು ಶುರುವಾದರೆ ಮೈ ಬಿಸಿಯಾಗಲು ಪುರುಸೊತ್ತೇ ಕೊಡುವುದಿಲ್ಲ. ಊರಿನ ಬೆನ್ನಿಗಿರುವ ಗುಡ್ಡಳ್ಳಿಗೆ ಬೆಳಿಗ್ಗೆ ಬೇಗ ಹತ್ತಿ. ಮೇಲಿಂದ ಕಡಲು, ದ್ವೀಪಗಳು ಕಾಣುತ್ತವೆ. ಇಳಿಯುವಾಗ ಮನೆಗಳ ಹತ್ತಿರ ಕೈ ಬ್ರೇಕ್ ಮೇಲೇ ಇರಲಿ. ಕೋಳಿ, ನಾಯಿ, ಮಕ್ಕಳು ಒಟ್ಟಿಗೇ ಅಡ್ಡ ಬರುತ್ತಾರೆ.

ದಕ್ಷಿಣಕ್ಕೆ, ಅಂದರೆ ಬಿಣಗಾ, ಅರಗಾ ಕಡೆ, ಮಣ್ಣಿನ ದಾರಿ ಹುಡುಕುವ ಆಸೆ ಬಿಡಿ. 2005ರಲ್ಲಿ ಐಎನ್‌ಎಸ್ ಕದಂಬ ಶುರುವಾದ ಮೇಲೆ ಅಲ್ಲಿನ ಕಡಲತಡಿಯ ಬಹುಪಾಲು ನೌಕಾನೆಲೆಯೊಳಗಿದೆ. ಹಳೆ ನಕ್ಷೆಯ ದಾರಿ ನಂಬಿ ಬೇಲಿಯವರೆಗೆ ಹೋಗಿ ಫೋಟೊ ಹೊಡೆಯುತ್ತಾ ನಿಲ್ಲಬೇಡಿ.

ಉತ್ತರಕ್ಕೆ ಕಾಳಿ ಸೇತುವೆ ದಾಟಿದರೆ ಸದಾಶಿವಗಡ, ಮಾಜಾಳಿ. 2024ರ ಆಗಸ್ಟ್ 7ರ ನಸುಕಿನಲ್ಲಿ ಹಳೆ ಸೇತುವೆ ಕುಸಿಯಿತಲ್ಲ, ಆಮೇಲೆ ಎರಡೂ ದಿಕ್ಕಿನ ಗಾಡಿಗಳನ್ನು ಹೊಸ ಸೇತುವೆ ಮೇಲೆ ಬಿಟ್ಟರು. ಸಂಜೆ ಹೊತ್ತಿಗೆ ಲಾರಿಗಳ ಪಕ್ಕ ಸೈಕಲ್ ಅಂದರೆ ಸುಖವಿಲ್ಲ. ಬೆಳಗ್ಗೆಯೇ ದಾಟಿ. ಮಾಜಾಳಿಯಿಂದ ತಿಳಮಾತಿಗೆ ಹೋಗುವ ಗುಡ್ಡದ ಕಾಲುದಾರಿ ಚಿಕ್ಕದು, ಆದರೆ ಕಲ್ಲು ಜಾಸ್ತಿ. ಅರ್ಧ ತುಳಿದು ಅರ್ಧ ಹೊರಬೇಕು. ಕೆಳಗೆ ಕಪ್ಪು ಮರಳಿನ ಪುಟ್ಟ ಬೀಚ್. ನನಗೆ ಕೇಳಿದರೆ ಸೈಕಲ್ ಮೇಲೆಯೇ ಬಿಟ್ಟು ನಡೆದು ಇಳಿಯುವುದು ಚೆಂದ.

ಪೂರ್ವಕ್ಕೆ ಕಾಳಿಯ ಎರಡೂ ದಂಡೆ ಇದೆ. ಈಚೆ ಕಡವಾಡ, ಕಿನ್ನರ. ಆಚೆ ಹಣಕೋಣ. ಗದ್ದೆ, ತೆಂಗಿನ ತೋಟದ ನಡುವೆ ಸಮತಟ್ಟು ದಾರಿಗಳು. ಮೊದಲ ದಿನಕ್ಕೆ ಇದೇ ಸಾಕು. ಕದ್ರಾ ದಾಟಿ ಅಣಶಿ ಘಟ್ಟ ಹತ್ತುವ ಧೈರ್ಯ ಇದ್ದರೆ ಹತ್ತಿ, ಆದರೆ ಮೇಲೆ ಹೋದಂತೆ ಕಾಳಿ ಹುಲಿ ಸಂರಕ್ಷಿತ ಪ್ರದೇಶ. ಅಲ್ಲಿ ಸಾರ್ವಜನಿಕ ರಸ್ತೆ ಬಿಟ್ಟು ಒಂದು ಅಡಿಯೂ ಒಳಗೆ ಹೋಗುವಂತಿಲ್ಲ. ಆ್ಯಪ್‌ನಲ್ಲಿ ಯಾರೋ ಗೆರೆ ಎಳೆದಿದ್ದಾರೆ ಅನ್ನುವುದು ಗಾರ್ಡ್ ಮುಂದೆ ನಡೆಯುವ ಮಾತಲ್ಲ.

ಚೈನ್ ಎಣ್ಣೆ

ದಾರಿಗಿಂತ ಮೊದಲು ಸೈಕಲ್ ಬಗ್ಗೆ. ಹುಬ್ಬಳ್ಳಿಯ ಎರೆಮಣ್ಣಿನ ಅಭ್ಯಾಸ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಇಲ್ಲಿನದು ಮುರಕಲ್ಲು, ಅಂದರೆ ಚಿರೆಕಲ್ಲಿನ ನೆಲ. ಒಣಗಿದಾಗ ಮೇಲೆ ಸಣ್ಣ ಗುಂಡುಕಲ್ಲು ಉದುರಿ, ತಿರುವಿನಲ್ಲಿ ಮುಂದಿನ ಚಕ್ರ ಗೋಲಿ ಮೇಲೆ ಹತ್ತಿದ ಹಾಗೆ ಜಾರುತ್ತದೆ. ಒದ್ದೆಯಾದಾಗ ಪಾಚಿ. ಅಕೇಶಿಯಾ ನೆಡುತೋಪಿನಲ್ಲಿ ಒಣ ಎಲೆಯ ದಪ್ಪ ಹಾಸು, ಅದರ ಕೆಳಗೆ ಏನಿದೆ ಅಂತ ಕಾಣುವುದೇ ಇಲ್ಲ.

2.25 ಇಂಚಿಗಿಂತ ಸಣ್ಣ ಟೈರ್ ತರಬೇಡಿ. ಟ್ಯೂಬ್‌ಲೆಸ್ ಇದ್ದರೆ, 70 ಕೆ.ಜಿ. ಆಸುಪಾಸಿನ ಸವಾರರಿಗೆ 22ರಿಂದ 25 ಪಿಎಸ್‌ಐ ಗಾಳಿ ಸಾಕು. ಟ್ಯೂಬ್ ಇದ್ದರೆ ಸ್ವಲ್ಪ ಜಾಸ್ತಿ ಇಡಿ, ಇಲ್ಲದಿದ್ದರೆ ಕಲ್ಲಿಗೆ ಬಡಿದು ಹಾವು ಕಚ್ಚಿದಂತೆ ಎರಡು ತೂತು ಬೀಳುತ್ತದೆ. ಬಿದಿರ ಮುಳ್ಳು ಚುಚ್ಚಿದರೆ ತೂತು ಮುಚ್ಚುವ ಸೀಲೆಂಟ್ ಹೊಸದಾಗಿ ತುಂಬಿಸಿ.

ಬ್ರೇಕ್ ಬಗ್ಗೆ ಗಮನ ಕೊಡಿ. ಶಿರಸಿ ಇರುವುದು ಸಮುದ್ರಮಟ್ಟದಿಂದ ಸುಮಾರು 590 ಮೀಟರ್ ಎತ್ತರದಲ್ಲಿ. ಅಷ್ಟನ್ನೂ ಒಂದೇ ದಿನ ಇಳಿದರೆ ರೆಸಿನ್ ಪ್ಯಾಡ್ ಕಾದು ಹಿಡಿತ ಬಿಡಬಹುದು. ಮೆಟಲ್ ಪ್ಯಾಡ್ ಸದ್ದು ಮಾಡುತ್ತದೆ, ಆದರೆ ಶಾಖ ತಡೆಯುತ್ತದೆ. ಉದ್ದಕ್ಕೂ ಸವರುತ್ತಾ ಇಳಿಯಬೇಡಿ. ಗಟ್ಟಿ ಹಿಡಿಯಿರಿ, ಪೂರ್ತಿ ಬಿಡಿ, ಮತ್ತೆ ಹಿಡಿಯಿರಿ. ರೋಟರ್‌ಗೆ ತಣಿಯಲು ಹೊತ್ತು ಸಿಗುತ್ತದೆ.

ಬೀಚ್ ಮೇಲೆ ತುಳಿದರೆ ಅದೇ ಸಂಜೆ ಸಿಹಿನೀರಲ್ಲಿ ತೊಳೆದು, ಒರೆಸಿ, ಚೈನಿಗೆ ಎಣ್ಣೆ. ನಾಳೆ ನೋಡೋಣ ಅಂದರೆ ನಾಳೆ ಚೈನ್ ಕೆಂಪಾಗಿರುತ್ತದೆ.

ಬೆಟ್ಟದ ಮಾಣಿ

ಶಿರಸಿ ಕಡೆಯ ವಿಷಯ ನಾನು ಹೇಳುತ್ತೇನೆ. ನಮ್ಮ ತೋಟ ಹುಲೇಕಲ್ ಕಡೆ.

ಘಟ್ಟದ ಮೇಲಿನ ನೆಲ ಹೇಗಿದೆ ಅಂದರೆ, ಕೆಳಗೆ ಕೊಳ್ಳದಲ್ಲಿ ಅಡಿಕೆ ತೋಟ, ಅದರ ಅಂಚಿಗೆ ಮನೆ, ಮೇಲೆ ಸುತ್ತಲೂ ಸೊಪ್ಪಿನ ಬೆಟ್ಟ. ಒಂದು ಎಕರೆ ತೋಟಕ್ಕೆ 9 ಎಕರೆವರೆಗೆ ಬೆಟ್ಟ ಅಂತ ಬ್ರಿಟಿಷರ ಕಾಲದಿಂದ ಬಂದ ಪದ್ಧತಿ. ನೆಲ ಅರಣ್ಯ ಇಲಾಖೆಯದು. ಸೊಪ್ಪು, ದರಕು (ಒಣ ಎಲೆ) ತರುವ ಹಕ್ಕು ತೋಟದವರದು. ನೀವು ಆ್ಯಪ್‌ನಲ್ಲಿ ನೋಡುವ ಸಣ್ಣ ಗೆರೆಗಳಲ್ಲಿ ಮುಕ್ಕಾಲು ಪಾಲು ಈ ಬೆಟ್ಟದ ದಾರಿಗಳೇ. ಸೊಪ್ಪಿನ ಹೊರೆ ಹೊತ್ತು ಇಳಿಯುವವರು ತುಳಿದು ಮಾಡಿದ್ದು.

ತುಳಿಯಲು ಬಹಳ ಚೆನ್ನಾಗಿವೆ, ಸುಳ್ಳು ಹೇಳುವುದಿಲ್ಲ. ನೆರಳು, ಬೇರು, ಚಿಕ್ಕ ಚಿಕ್ಕ ಏರಿಳಿತ. ಆದರೆ ಮೂರು ವಿಷಯ ಗೊತ್ತಿರಬೇಕು.

ಅಗಳ. ಬೆಟ್ಟದ ಸುತ್ತ, ತೋಟದ ಸುತ್ತ ದನ ಬಾರದಂತೆ ತೋಡಿದ ಕಂದಕ. ಆಳು ಮುಳುಗುವಷ್ಟು ಆಳದ್ದೂ ಇದೆ. ಜನವರಿ ಹೊತ್ತಿಗೆ ಅದರ ಬಾಯಿಗೆ ದರಕು ತುಂಬಿ ನೆಲದ ಸಮಕ್ಕೆ ಕಾಣುತ್ತದೆ. ದಾರಿ ಬಿಟ್ಟು ಅಡ್ಡ ಇಳಿದ ಸೈಕಲ್ಲಿಗೆ ಇದಕ್ಕಿಂತ ಕೆಟ್ಟ ಜಾಗ ಇಲ್ಲ.

ದಣಪೆ. ತೋಟದ ಬಾಯಿಗೆ ಅಡ್ಡಗಳ ಹಾಕಿದ ಗೇಟು. ಗಳ ಸರಿಸಿ ದಾಟಿದರೆ ಮತ್ತೆ ಹಾಕಲೇಬೇಕು. ನೀವು ಎರಡು ನಿಮಿಷ ಉಳಿಸಿದರೆ ಯಾರದೋ ಅಡಿಕೆ ಸಸಿ ದನದ ಹೊಟ್ಟೆಗೆ ಹೋಗುತ್ತದೆ.

ಕಾಲುಸಂಕ. ಅಡಿಕೆ ಮರದ ಎರಡು ತುಂಡು ಜೋಡಿಸಿದ್ದು ಸಂಕ. ಅದರ ಮೇಲೆ ಸೈಕಲ್ ಬಿಟ್ಟು ವಿಡಿಯೊ ಮಾಡುವವರನ್ನು ನೋಡಿದ್ದೇನೆ. ಆ ಸಂಕದಲ್ಲಿ ಮಕ್ಕಳು ಶಾಲೆಗೆ ಹೋಗುತ್ತಾರೆ. ಇಳಿದು, ಎತ್ತಿಕೊಂಡು ದಾಟಿ.

ಡಿಸೆಂಬರ್ ಅಂದರೆ ಕೊನೆ, ಅಂದರೆ ಅಡಿಕೆ ಗೊನೆ, ಕೊಯ್ಯುವ ಕಾಲ. ಆಮೇಲೆ ದರಕು ಗುಡಿಸುವ ಕೆಲಸ. ಬೆಟ್ಟದಲ್ಲಿ ಹೆಂಗಸರು ತಲೆ ಮೇಲೆ ಹೊರೆ ಹೊತ್ತು ಬರುತ್ತಿರುತ್ತಾರೆ. ಅವರಿಗೆ ಪಕ್ಕಕ್ಕೆ ಸರಿಯಲು ಆಗುವುದಿಲ್ಲ. ಸರಿಯಬೇಕಾದವರು ನೀವು.

ಜಿಪಿಎಕ್ಸ್ ಹಾಕುವುದಿಲ್ಲ. ಬಂದು ಕೇಳಿ, ನಾನೇ ಕರೆದುಕೊಂಡು ಹೋಗುತ್ತೇನೆ.

ಟ್ಯೂಬ್‌ಲೆಸ್ ಭಟ್ಕಳ

ಮಾಣಿಯವರೇ, ಈ "ಜಿಪಿಎಕ್ಸ್ ಹಾಕುವುದಿಲ್ಲ" ಅನ್ನುವುದು ನನಗೆ ಒಪ್ಪಿಗೆಯಿಲ್ಲ. ಕಾಡು ಇಲಾಖೆಯದು ಅಂತ ನೀವೇ ಹೇಳಿದಿರಿ. ಮತ್ತೆ ದಾರಿ ಗುಟ್ಟು ಮಾಡುವುದು ಯಾಕೆ? ಗುರುತು ಇರುವ ಸ್ಥಳೀಯರಿಗೆ ಮಾತ್ರ ದಾರಿ, ಹೊರಗಿನವರಿಗೆ ಹೈವೇ ಅಂತಾಯಿತು.

ಇನ್ನೊಂದು. ಒಳ್ಳೆಯ ಗೆರೆ ಸಿಗದಿದ್ದರೆ ಜನ ಕೆಟ್ಟ ಗೆರೆ ಹಿಡಿಯುತ್ತಾರೆ. ಅಗಳ ಎಲ್ಲಿದೆ, ಸಂಕ ಎಲ್ಲಿದೆ ಅಂತ ಗುರುತು ಹಾಕಿದ ಫೈಲ್ ಒಂದಿದ್ದರೆ ಬೀಳುವವರು ಕಡಿಮೆಯಾಗುತ್ತಾರೆ. ಇಷ್ಟು ಜನ ಸೈಕಲ್ ತುಳಿಯುತ್ತಾರೆ ಅಂತ ಕಾಣಿಸಿದರೆ ತಾನೇ ಮುಂದೊಂದು ದಿನ ಇಲಾಖೆಯೂ ಒಂದು ದಾರಿ ಗೊತ್ತುಮಾಡಿ ಕೊಡುವುದು?

ಬೆಟ್ಟದ ಮಾಣಿ

ಗುಟ್ಟು ಏನೂ ಇಲ್ಲ. ಫೈಲಿಗೆ ಕಾಲ ಗೊತ್ತಾಗುವುದಿಲ್ಲ, ಅದೇ ತೊಂದರೆ. ನವೆಂಬರಿನಲ್ಲಿ ಬಿಡಾರದ ಅಂಗಳ ಖಾಲಿ ಇರುತ್ತದೆ, ಅಲ್ಲಿಂದ ಹಾದು ಹೋಗಬಹುದು. ಜನವರಿಯಲ್ಲಿ ಅದೇ ಅಂಗಳದಲ್ಲಿ ಅಡಿಕೆ ಒಣಗಿಸಿರುತ್ತಾರೆ. ಗೆರೆ ಮಾತ್ರ ಅದೇ. ಜೂನ್ ತಿಂಗಳಲ್ಲಿ ಅದೇ ಗೆರೆ ಹಳ್ಳವಾಗಿ ಹರಿಯುತ್ತಿರುತ್ತದೆ.

ಒಬ್ಬರು ಕೇಳಿ ಬಂದರೆ ಮಜ್ಜಿಗೆ ಕೊಟ್ಟು ದಾರಿ ತೋರಿಸುತ್ತಾರೆ. ಫೈಲ್ ಹಿಡಿದು ಇಪ್ಪತ್ತು ಜನ ಒಟ್ಟಿಗೆ ಬಂದರೆ ಅದೇ ಮನೆಯವರು ದಣಪೆಗೆ ತಂತಿ ಸುತ್ತುತ್ತಾರೆ. ನಮ್ಮ ಆಚೆ ಊರಲ್ಲಿ ಜೀಪಿನವರಿಂದ ಹೀಗೇ ಆಯಿತು. ಈಗ ಊರಿನವರೂ ಸುತ್ತು ಬಳಸಿ ಹೋಗಬೇಕು.

ಓರೆ ನೆಲ

ಇಬ್ಬರ ಮಾತಿಗೂ ಮಧ್ಯೆ ಒಂದು ತಾಂತ್ರಿಕ ವಿಷಯ ಸೇರಿಸುತ್ತೇನೆ. ನೆಲ ಕೊಚ್ಚಿಹೋಗುವುದರ ಬಗ್ಗೆ ಯಾರೂ ಮಾತಾಡಲಿಲ್ಲ.

ಟ್ರೇಲ್ ಕಟ್ಟುವವರು ಪಾಲಿಸುವ ಸರಳ ಲೆಕ್ಕ ಒಂದಿದೆ. ದಾರಿಯ ಇಳಿಜಾರು ಗುಡ್ಡದ ಓರೆಯ ಅರ್ಧ ದಾಟಬಾರದು. ಗುಡ್ಡ ಶೇ. 30 ಓರೆಯಿದ್ದರೆ ದಾರಿ ಶೇ. 15ರ ಒಳಗೆ. ಇಡೀ ದಾರಿಯ ಸರಾಸರಿ ಶೇ. 10ರ ಆಸುಪಾಸು. ಹೀಗಿದ್ದರೆ ಮಳೆನೀರು ದಾರಿಯನ್ನು ಅಡ್ಡ ದಾಟಿ ಕೆಳಗೆ ಹೋಗುತ್ತದೆ. ಇಲ್ಲದಿದ್ದರೆ ದಾರಿಯಲ್ಲೇ ಹರಿಯುತ್ತದೆ. ಅದಕ್ಕೇ ಅಲ್ಲಲ್ಲಿ ಇಳಿಜಾರನ್ನು ಒಂದೆರಡು ಮಾರು ಏರಿಗೆ ತಿರುಗಿಸುತ್ತಾರೆ. ನೀರು ಅಲ್ಲಿ ಹೊರಗೆ ಬೀಳಲೇಬೇಕು.

ನಮ್ಮ ಕಾಲುದಾರಿಗಳು ಈ ಲೆಕ್ಕದಲ್ಲಿ ಇಲ್ಲ. ನಡೆಯುವವರಿಗೆ ಹತ್ತಿರ ಆಗಲಿ ಅಂತ ನೆಟ್ಟಗೆ ಇಳಿಯುತ್ತವೆ. ಒಂದೇ ಮಳೆಗಾಲಕ್ಕೆ 2,500 ಮಿ.ಮೀ. ಸುರಿಯುವ ಸೀಮೆ ಇದು. ಅಂಥ ಇಳಿಜಾರಿನಲ್ಲಿ ಹಿಂದಿನ ಚಕ್ರ ಲಾಕ್ ಮಾಡಿ ಎಳೆದರೆ ಒಂದು ಗೀರು ಬೀಳುತ್ತದೆ. ಮಳೆ ಬಂದಾಗ ಅದೇ ಗೀರು ಕೊರಕಲು.

ಆದರೆ ಹಳೆ ಗಾಡಿದಾರಿಗಳು ಬೇರೆ. ಎತ್ತು ಎಳೆಯಬೇಕಲ್ಲ, ಹಾಗಾಗಿ ಗುಡ್ಡ ಬಳಸಿ ನಿಧಾನ ಏರುತ್ತವೆ. ಹತ್ತೊಂಬತ್ತನೇ ಶತಮಾನದಲ್ಲಿ ಧಾರವಾಡ ಕಡೆಯ ಹತ್ತಿ ಎತ್ತಿನ ಗಾಡಿಯಲ್ಲಿ ಘಟ್ಟ ಇಳಿದು ಕುಮಟಾ ಬಂದರಿಗೆ ಬರುತ್ತಿತ್ತು. ಇಂಗ್ಲೆಂಡಿನ ಪೇಟೆಯಲ್ಲಿ ಆ ಹತ್ತಿಗೆ ಕುಮಟಾದ ಹೆಸರೇ ಇತ್ತು. ಆಮೇಲೆ ಡಾಂಬರು ರಸ್ತೆಗಳು ನೇರವಾದವು, ಕೆಲವು ಹಳೆ ತಿರುವುಗಳು ಪಕ್ಕದಲ್ಲೇ ಉಳಿದುಬಿಟ್ಟವು. ಮೌಂಟನ್ ಬೈಕಿಗೆ ಈ ಜಿಲ್ಲೆಯಲ್ಲಿ ಸಿಗುವ ಅತಿ ಒಳ್ಳೆಯ ನೆಲ ಅದೇ ಅಂತ ನನ್ನ ಅಭಿಪ್ರಾಯ. ಅಗಲ ಇದೆ, ಎದುರು ಬರುವವರು ಕಾಣುತ್ತಾರೆ, ನೆಲ ಗಟ್ಟಿ. ಫೈಲ್ ಹಂಚುವುದಾದರೆ ಇಂಥವನ್ನು ಹಂಚಿ. ಬೆಟ್ಟದ ಕಾಲುದಾರಿ ಬಿಡಿ.

ಟ್ಯೂಬ್‌ಲೆಸ್ ಭಟ್ಕಳ

ಇದು ಒಪ್ಪಬಹುದಾದ ಮಾತು. ಆದರೂ ಕೆಲವು ಕಾಲುದಾರಿ ಈಗಾಗಲೇ ಆ್ಯಪ್‌ನಲ್ಲಿ ಇವೆಯಲ್ಲ, ಅದಕ್ಕೇನು ಮಾಡುತ್ತೀರಿ?

ಓರೆ ನೆಲ

ಅವುಗಳ ಕೆಳಗೆ ಟಿಪ್ಪಣಿ ಬರೆಯಬಹುದು. "ತೋಟದ ದಾರಿ, ಕೇಳಿ ಹೋಗಿ" ಅಂತ. ನಾನು ಬರೆಯುತ್ತಿದ್ದೇನೆ. ಓದುವವರು ಎಷ್ಟು ಮಂದಿ ಅನ್ನುವುದು ಬೇರೆ ಮಾತು.

ಅಂಕೋಲೆಯವಳು

ಕಾರವಾರದಿಂದ ಶಿರಸಿಗೆ ಹೇಗೆ ಹೋಗುವುದು ಅಂತ ಯಾರೂ ಹೇಳಲಿಲ್ಲ ಅಲ್ವಾ? ನಾಲ್ಕು ದಿನದ ಪ್ಲಾನಿನಲ್ಲಿ ಗಟ್ಟಿ ಭಾಗ ಅದೇ.

ಕುಮಟಾದಿಂದ ದೇವಿಮನೆ ಘಟ್ಟ ಮುಖ್ಯ ರಸ್ತೆ. ಅಗಲ ಮಾಡುವ ಕೆಲಸಕ್ಕೆ ಅಂತ ಅದನ್ನು ಹಲವು ಬಾರಿ ಮುಚ್ಚಿದ್ದಾರೆ. ಹೊರಡುವ ಮುಂಚೆ ವಿಚಾರಿಸಿ. ನನ್ನ ಆಯ್ಕೆ ಅಂಕೋಲಾ ಕಡೆಯಿಂದ ಅಚವೆ, ವಡ್ಡಿ ಘಟ್ಟ. ಗಾಡಿ ಕಡಿಮೆ, ತಿರುವು ಜಾಸ್ತಿ, ಕಾಡು ರಸ್ತೆಗೇ ಬಾಗಿದೆ. ಕಷ್ಟದ ಏರು. ನೀರು ತುಂಬಿಸಿಕೊಂಡೇ ಹೊರಡಿ. ದಾರಿಯಲ್ಲಿ ಯಾಣಕ್ಕೆ ತಿರುಗಬಹುದು. ಭೈರವೇಶ್ವರ ಶಿಖರ 120 ಮೀಟರ್, ಮೋಹಿನಿ ಶಿಖರ 90. ಸೈಕಲ್ ಗೇಟಿನ ಹತ್ತಿರ ಬೀಗ ಹಾಕಿ ನಡೆದು ಹೋಗಿ. ಆ ಕಾಲುದಾರಿ ಭಕ್ತರದ್ದು, ಮೆಟ್ಟಿಲು ಹಾರಿಸುವವರದ್ದಲ್ಲ.

ಮಳೆಗಾಲದಲ್ಲಿ ಬರಬೇಡಿ ಅಂತ ಹೇಳುವುದು ಜಾರುತ್ತದೆ ಅಂತ ಮಾತ್ರ ಅಲ್ಲ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಹೈವೇ ಮೇಲೆ ಬಂದು ಗಂಗಾವಳಿಗೆ ಇಳಿಯಿತು. ಆ ದಾರಿಯಲ್ಲಿ ನಾವು ದಿನಾ ಓಡಾಡುವವರು. ಗುಡ್ಡ ಕತ್ತರಿಸಿದ ಜಾಗ ಎಲ್ಲಿದ್ದರೂ ಮಳೆಯಲ್ಲಿ ಅದರ ಕೆಳಗೆ ನಿಲ್ಲಬೇಡಿ, ಟೀ ಕುಡಿಯಲೂ ಬೇಡ.

ಹುಡುಗಿಯರು ಒಬ್ಬರೇ ತುಳಿಯಬಹುದಾ ಅಂತ ಇನ್‌ಬಾಕ್ಸಿನಲ್ಲಿ ಕೇಳುತ್ತಾರೆ. ನಾನು ತುಳಿಯುತ್ತೇನೆ. ಊರಿನ ದಾರಿಯಲ್ಲಿ ಭಯವಿಲ್ಲ. ಎಲ್ಲಿಗೆ, ಯಾರ ಮನೆಗೆ ಅಂತ ಹತ್ತು ಜನ ಕೇಳುತ್ತಾರೆ ಅಷ್ಟೇ. ಘಟ್ಟದಲ್ಲಿ ಮಾತ್ರ ಜೊತೆ ಬೇಕು. ಅಲ್ಲಿ ಮೊಬೈಲ್ ಸಿಗ್ನಲ್ ಹೋದರೆ ಗಂಟೆಗಟ್ಟಲೆ ಹೋಯಿತು.

ಗಜನಿ ಬದು

ಎಲ್ಲರೂ ಗುಡ್ಡದ ಮೇಲೇ ಇದ್ದೀರಿ. ಅಘನಾಶಿನಿ ಅಳಿವೆ ನೋಡದೆ ಹೋಗಬೇಡಿ. ಗೋಕರ್ಣದಿಂದ ತದಡಿಗೆ ಬನ್ನಿ, ದೋಣಿಯಲ್ಲಿ ಸೈಕಲ್ ಹಾಕಿ ಆಚೆ ಅಘನಾಶಿನಿ ಊರಿಗೆ ಇಳಿಯಿರಿ. ಅಲ್ಲಿಂದ ಕಾಗಾಲ, ಬಾಡ ಕಡೆಯಿಂದ ಕುಮಟಾ. ಮುರಕಲ್ಲಿನ ಬೋಳುಗುಡ್ಡ, ಕೆಳಗೆ ಕಡಲು.

ಗಜನಿ, ಅಂದರೆ ಅಳಿವೆಯಂಚಿನ ಗದ್ದೆಗಳ ಬದುವಿನ ಮೇಲೆ ತುಳಿಯಲು ಆಸೆಯಾಗುತ್ತದೆ. ನೆಟ್ಟಗೆ, ಸಮತಟ್ಟಾಗಿ ಕಾಣುತ್ತದಲ್ಲ. ಆದರೆ ಆ ಬದು ಉಪ್ಪುನೀರನ್ನು ತಡೆದು ನಿಲ್ಲಿಸುವ ಮಣ್ಣಿನ ಕಟ್ಟೆ. ಕಗ್ಗ ಭತ್ತ ಬೆಳೆಯುವುದು ಅದರ ಒಳಗೆ. ಅದು ಒಡೆದರೆ ಉಪ್ಪು ನುಗ್ಗಿ ಬೆಳೆ ಹೋಗುತ್ತದೆ. ಕಲ್ಲು ಕಟ್ಟಿದ ದೊಡ್ಡ ಕಟ್ಟೆ ಮೇಲೆ ಜನ ಸ್ಕೂಟರ್ ಓಡಿಸುತ್ತಾರೆ, ಅಲ್ಲಿ ಹೋಗಿ. ಹಸಿಮಣ್ಣಿನ ಬದು ಬೇಡ. ಸಾಣಿಕಟ್ಟಾದ ಉಪ್ಪಿನ ಆಗರವೂ ಹಾಗೇ, ಹೊರಗಿನಿಂದ ನೋಡಿ.

ಗೋಕರ್ಣದ ಕುಡ್ಲೆ, ಓಂ, ಹಾಫ್ ಮೂನ್ ನಡುವಿನ ದಾರಿ ತುಳಿಯುವುದಕ್ಕೆ ಮಜಾ. ಆದರೆ ಶನಿವಾರ, ಭಾನುವಾರ ಬೆನ್ನಿಗೆ ಚೀಲ ಹಾಕಿದವರು ಸಾಲಾಗಿ ಬರುತ್ತಾರೆ, ಕೆಲವು ಕಡೆ ಬಂಡೆಯ ಅಂಚು ನೇರ ಕಡಲಿಗೆ. ವಾರದ ನಡುವೆ, ಬೆಳಿಗ್ಗೆ ಏಳರ ಒಳಗೆ. ಇಲ್ಲದಿದ್ದರೆ ಬಿಟ್ಟುಬಿಡಿ.

ಬೀಚ್ ಮೇಲೆ ತುಳಿಯುವವರಿಗೆ: ಇಳಿತದ ಹೊತ್ತಿನಲ್ಲಿ ನೀರಿನ ಅಂಚಿನ ಗಟ್ಟಿ ಮರಳು ಮಾತ್ರ. ಡಿಸೆಂಬರಿನಿಂದ ಕಡಲಾಮೆ ಮೊಟ್ಟೆ ಇಡಲು ಬರುತ್ತದೆ. ಮೇಲಿನ ಒಣಮರಳಿನಲ್ಲಿ ಬೇಲಿ ಕಟ್ಟಿದ್ದು ಕಂಡರೆ ದೂರ ಇರಿ. ರಾತ್ರಿ ಲೈಟ್ ಹಾಕಿಕೊಂಡು ಬೀಚ್ ರೈಡ್ ಅಂತೂ ಬೇಡವೇ ಬೇಡ.

ಸಿದ್ದಾಪುರ ಸೈಕಲ್

ಡಿಸೆಂಬರ್ ಅಂದಿರಿ, ಹಾಗಾಗಿ ಹೇಳಲೇಬೇಕು. ಮಂಗನ ಕಾಯಿಲೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನ ಕಡೆ ಮೊದಲು ಗುರುತಿಸಿದ್ದು. ನಮ್ಮ ತಾಲೂಕಿನಲ್ಲೂ ಜನ ಸತ್ತಿದ್ದಾರೆ. ಡಿಸೆಂಬರಿನಿಂದ ಮೇವರೆಗೆ ಇದರ ಕಾಲ. ಹರಡುವುದು ಉಣುಗಿನಿಂದ, ಅಂದರೆ ಉಣ್ಣೆ ಹುಳದಿಂದ. ಉಣುಗು ಇರುವುದು ಎಲ್ಲಿ? ದರಕಿನಲ್ಲಿ, ದಾರಿ ಪಕ್ಕದ ಹುಲ್ಲಿನಲ್ಲಿ. ಅಂದರೆ ಸರಿಯಾಗಿ ನೀವು ಕೂತು ಬಾಳೆಹಣ್ಣು ತಿನ್ನುವ ಜಾಗದಲ್ಲಿ.

ಶಾರ್ಟ್ಸ್ ಬೇಡ. ಉದ್ದ ಪ್ಯಾಂಟು, ಅದರ ಮೇಲೆ ಸಾಕ್ಸ್ ಎಳೆಯಿರಿ. ಆರೋಗ್ಯ ಇಲಾಖೆ ಕಾಡಂಚಿನ ಊರುಗಳಲ್ಲಿ ಉಣುಗು ಕಚ್ಚದಂತೆ ಡೀಪಾ ಎಣ್ಣೆ ಹಂಚುತ್ತದೆ, ಸಿಕ್ಕರೆ ಹಚ್ಚಿಕೊಳ್ಳಿ. ನೆಲದ ಮೇಲೆ ಕೂರಬೇಡಿ. ಸಂಜೆ ಬಿಸಿನೀರಲ್ಲಿ ಮೈ ತೊಳೆದು ಬಟ್ಟೆ ಬೇರೆ ಇಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಹತ್ತಿರದ ಆಸ್ಪತ್ರೆಗೋ ಪಂಚಾಯ್ತಿಗೋ ತಿಳಿಸಿ. ಊರಿಗೆ ಹೋದ ಮೇಲೆ ಒಂದೆರಡು ವಾರದೊಳಗೆ ಜೋರು ಜ್ವರ, ಮೈಕೈ ನೋವು ಬಂದರೆ ಈ ಕಡೆ ಕಾಡಿಗೆ ಹೋಗಿದ್ದೆ ಅಂತ ಡಾಕ್ಟರಿಗೆ ಮೊದಲು ಹೇಳಿ. ಹುಬ್ಬಳ್ಳಿಯಲ್ಲಿ ಅವರಿಗೆ ತಟ್ಟನೆ ಹೊಳೆಯಲಿಕ್ಕಿಲ್ಲ.

ಇಷ್ಟೆಲ್ಲ ಹೇಳಿ ಹೆದರಿಸಿದ ಮೇಲೆ ಒಂದು ಆಸೆಯನ್ನೂ ಹುಟ್ಟಿಸುತ್ತೇನೆ. ಹೆಗ್ಗರಣೆ ಕಡೆ ಬನ್ನಿ. ಉಂಚಳ್ಳಿಯಲ್ಲಿ ಅಘನಾಶಿನಿ 116 ಮೀಟರ್ ಧುಮುಕುತ್ತದೆ. ಆ ಕೊಳ್ಳದ ಕಾಡು 2011ರಿಂದ ಸಿಂಗಳೀಕಗಳಿಗಾಗಿ ಕಾಯ್ದಿಟ್ಟದ್ದು, ಒಳಗೆ ಸೈಕಲ್ ಇಲ್ಲ. ಆದರೆ ಅಲ್ಲಿಯವರೆಗಿನ ಹಳ್ಳಿ ದಾರಿಗಳು, ತೋಟದ ಅಂಚಿನ ಮಣ್ಣುರಸ್ತೆಗಳು ಸಾಕೋ ಸಾಕು.

ಹುಬ್ಬಳ್ಳಿ ಪೆಡಲ್

ಇಷ್ಟು ಬರುತ್ತದೆ ಅಂತ ಅಂದುಕೊಂಡಿರಲಿಲ್ಲ ರೀ. ಹಾಗಾದರೆ ಹೀಗೆ: ಮೊದಲ ದಿನ ಗುಡ್ಡಳ್ಳಿ, ಕಾಳಿ ದಂಡೆ. ಎರಡನೇ ದಿನ ಗೋಕರ್ಣ, ತದಡಿ ದೋಣಿ, ಕುಮಟಾ. ಮೂರನೇ ದಿನ ಘಟ್ಟ ಹತ್ತುವುದು. ನಾಲ್ಕನೇ ದಿನ ಮಾಣಿಯವರ ಜೊತೆ, ಅವರಿಗೆ ಕೊಯ್ಲಿನ ಗಡಿಬಿಡಿ ಇಲ್ಲದಿದ್ದರೆ.

ಕುಮಟಾದಿಂದ ವಡ್ಡಿ ಘಟ್ಟಕ್ಕೆ ಹೈವೇ ಹಿಡಿದು ಅಂಕೋಲಾಕ್ಕೇ ವಾಪಸ್ ಹೋಗಬೇಕಾ?

ಅಂಕೋಲೆಯವಳು

ಬೇಡ. ಕುಮಟಾ ಕಡೆಯಿಂದ ಒಳಗಿನ ರಸ್ತೆಯಲ್ಲೇ ಯಾಣದ ದಿಕ್ಕಿಗೆ ಬರಬಹುದು. ಮಿರ್ಜಾನ ಕೋಟೆ ನೋಡಿಕೊಂಡು ಹೊರಡಿ. ಮಧ್ಯಾಹ್ನದ ಊಟ ಘಟ್ಟದ ಕೆಳಗೇ ಮುಗಿಸಿ, ಮೇಲೆ ಹೋಟೆಲ್ ಸಿಗುತ್ತದೆ ಅಂತ ನಂಬಬೇಡಿ.

ಬೆಟ್ಟದ ಮಾಣಿ

ಗಡಿಬಿಡಿ ಇದ್ದೇ ಇರುತ್ತದೆ. ಬೆಳಿಗ್ಗೆ ಆರಕ್ಕೆ ಬಂದರೆ ಹತ್ತರವರೆಗೆ ತಿರುಗಬಹುದು. ಆಮೇಲೆ ಸೈಕಲ್ ಒರಗಿಸಿಟ್ಟು ಅಡಿಕೆ ಹೊರಲು ಒಂದು ಕೈ ಕೊಟ್ಟರೂ ಬೇಡ ಅನ್ನುವುದಿಲ್ಲ. ತೆಳ್ಳೇವು, ಅಪ್ಪೆಹುಳಿ ಗ್ಯಾರಂಟಿ.

ಟ್ಯೂಬ್‌ಲೆಸ್ ಭಟ್ಕಳ

ನಾನೂ ಬರುತ್ತೇನೆ. ಫೋನ್ ಜೇಬಿನಲ್ಲೇ ಇರುತ್ತದೆ, ರೆಕಾರ್ಡ್ ಆಫ್.

ಹುಬ್ಬಳ್ಳಿ ಪೆಡಲ್

ಬನ್ನಿ. ಕೊನೆಯದೊಂದು ಪ್ರಶ್ನೆ. ಹುಬ್ಬಳ್ಳಿ–ಅಂಕೋಲಾ ರೈಲು ದಶಕಗಳಿಂದ ಮಾತಿನಲ್ಲೇ ಇದೆ, ಹಾಗಾಗಿ ಬಸ್ಸೇ ಗತಿ. ಹೈಡ್ರಾಲಿಕ್ ಬ್ರೇಕ್ ಇರುವ ಸೈಕಲ್ ಬಸ್ಸಿನಲ್ಲಿ ಹಾಕುವಾಗ ಏನು ನೋಡಿಕೊಳ್ಳಬೇಕು?

ಚೈನ್ ಎಣ್ಣೆ

ಡ್ರೈವರ್, ಕಂಡಕ್ಟರ್ ಜೊತೆ ಮೊದಲೇ ಮಾತಾಡಿ, ಲಗೇಜ್ ಚೀಟಿ ಮಾಡಿಸಿ. ಪೆಡಲ್ ಬಿಚ್ಚಿ, ಹ್ಯಾಂಡಲ್ ಅಡ್ಡ ತಿರುಗಿಸಿ. ಎಡ ಪೆಡಲ್ ಉಲ್ಟಾ ತಿರುಗುತ್ತದೆ, ನೆನಪಿರಲಿ. ಚಕ್ರ ಬಿಚ್ಚಿದರೆ ಪ್ಯಾಡುಗಳ ನಡುವೆ ದಪ್ಪ ರಟ್ಟು ಮಡಚಿ ಇಡಿ, ಆಮೇಲೆ ಲಿವರ್ ಯಾರೂ ಒತ್ತಬಾರದು. ಒತ್ತಿದರೆ ಪಿಸ್ಟನ್ ಹೊರಗೆ ಬಂದು ರೋಟರ್ ಒಳಗೆ ಹೋಗುವುದಿಲ್ಲ. ಗೇರ್ ಬದಲಿಸುವ ಡಿರೇಲರ್ ಇರುವ ಬಲಬದಿ ಮೇಲೆ ಬರುವಂತೆ ಮಲಗಿಸಿ. ಅದನ್ನು ಫ್ರೇಮಿಗೆ ಹಿಡಿದಿಡುವ ಹ್ಯಾಂಗರ್ ಒಂದು ಸ್ಪೇರ್ ತನ್ನಿ. ನಿಮ್ಮ ಫ್ರೇಮಿಗೆ ಹೊಂದುವ ಹ್ಯಾಂಗರ್ ಕಾರವಾರದಲ್ಲೂ ಸಿಗುವುದು ಕಷ್ಟ, ಶಿರಸಿಯಲ್ಲೂ ಕಷ್ಟ.